ಹಗಲಿನ ರಕ್ತ

ಬನಹಟ್ಟಿ
ರವಿವಾರ, ೧೮-೧-೧೯೮೭

ತೀರ್ಥರೂಪ ಅಪ್ಪಾ ಅವರಿಗೆ ಅನಸೂಯಾಳ ನಮಸ್ಕಾರಗಳು.

ಬೀಳಗಿಯ ನೀರು ಈಗಲಾದರೂ ನಿಮಗೆ ಒಗ್ಗಿತೇ? ಖಾನಾವಳಿಯವನು ಪಲ್ಯಕ್ಕೆ ಖಾರ ಕಡಿಮೆ ಮಾಡಿದನೇ? ಹೊಸ ಚಪ್ಪಲಿ ಎಡಗಾಲನ್ನು ಕಚ್ಚುತ್ತದೆ, ಅಲ್ಲಿ ಹೊಲಿಯುವವನಿಗೆ ಅಳತೆಯೇ ಗೊತ್ತಿಲ್ಲ ಎಂದು ಹೋದ ಪತ್ರದಲ್ಲಿ ಬರೆದಿದ್ದಿರಿ. ಮಲಗುವಾಗ ಕೊಬ್ಬರಿ ಎಣ್ಣೆ ಸವರಿಟ್ಟರೆ ಚರ್ಮ ಮೆತ್ತಗಾಗುತ್ತದಂತೆ, ಇದು ಅವ್ವ ಹೇಳಿದ್ದು. ಅವ್ವ ಆರಾಮ ಇದ್ದಾಳೆ. ತಾರವ್ವ ಅಜ್ಜಿ ಎಂದಿನ ಹಾಗೆ ತನ್ನ ಆನೆಕಾಲನ್ನು ಕಟ್ಟೆಯ ಮೇಲೆ ಚಾಚಿಕೊಂಡು, ಹೋಗುವವರನ್ನು ನಿಲ್ಲಿಸಿ ಇಡೀ ಓಣಿಯ ಸುದ್ದಿ ಕೇಳುತ್ತಾಳೆ. ನನಗೂ ಆರಾಮ. ಸಂಕ್ರಮಣದ ರಜೆ ಮುಗಿಯಿತು, ಮಂಗಳವಾರ ಧಾರವಾಡದಲ್ಲಿರಬೇಕು. ಮೊದಲ ವರ್ಷದವರ ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂಡಿಸುವುದಿಲ್ಲ ಎಂದು ನೋಟೀಸು ಹಾಕಿದ್ದಾರೆ, ಅದರ ಹೆದರಿಕೆ ಬೇರೆ. ಮಾದೇವಿ ಅಕ್ಕನ ಸುದ್ದಿಯನ್ನು ಮುಂದೆ ಬರೆಯುತ್ತೇನೆ. ಅವಳ ಸಲುವಾಗಿಯೇ ಈ ಪತ್ರ.

ಇದು ನಾಲ್ಕನೆಯ ಪತ್ರ. ಮೊದಲಿನ ಮೂರನ್ನು ಹರಿದುಹಾಕಿದೆ. ಸಿಟ್ಟು ಬಂದರೆ ನನಗೆ ಇಂಗ್ಲಿಷ್ ಬರುತ್ತದೆ. ಐದನೇ ಇಯತ್ತೆಯಿಂದ ಹಾಸ್ಟೆಲಿನಲ್ಲಿ ಜಗಳವನ್ನೂ ಇಂಗ್ಲಿಷಿನಲ್ಲೇ ಆಡಬೇಕಿತ್ತು, ಕನ್ನಡ ಮಾತಾಡಿದರೆ ಕೊರಳಿಗೆ ಹಲಗೆ ತೂಗುಹಾಕುತ್ತಿದ್ದರು. ಆದರೆ ಈ ಸಿಟ್ಟು ನಿಮಗೆ ಒಂದಕ್ಷರ ಬಿಡದೆ ತಿಳಿಯಬೇಕು, ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕಾಗುಣಿತ ತಪ್ಪಿದ್ದರೆ ಕೆಂಪು ಪೆನ್ಸಿಲಿನಿಂದ ತಿದ್ದಿಕೊಳ್ಳಿರಿ. ಆ ಪೆನ್ಸಿಲಿನ ಮಾತೂ ಬರುತ್ತದೆ.

ಸಂಕ್ರಮಣದ ದಿನ ಅಜ್ಜಿಯ ಚಾಳೀಸಿನ ಕನ್ನಡಕ ಹುಡುಕುತ್ತ ನಿಮ್ಮ ಟ್ರಂಕನ್ನು ತೆಗೆದೆ. ಮೇಲೆಯೇ ಜಮಖಂಡಿಯ ಯಾವುದೋ ಲ್ಯಾಬಿನ ಚೀಟಿಯ ಕಾರ್ಬನ್ ಪ್ರತಿ ಇತ್ತು. ಕು. ಮಾದೇವಿ, ವಯಸ್ಸು ಇಪ್ಪತ್ತೊಂದು. ಆನೆಕಾಲು ರೋಗದ ಹುಳು: ಕಂಡುಬಂದಿಲ್ಲ. ರಕ್ತ ತೆಗೆದ ವೇಳೆ: ಹಗಲು ಹನ್ನೊಂದೂವರೆ. ಆ ಚೀಟಿಗೆ ಟಾಚಣಿ ಚುಚ್ಚಿ ಇನ್ನೊಂದು ಕಾಗದ ಜೋಡಿಸಿದ್ದಿರಿ. ಅದು ದೀಪಾವಳಿಗೆ ಮೊದಲು ನಾನು ನಿಮಗೆ ಬರೆದ ಪತ್ರ. ಅದರಲ್ಲಿ ನಾನೇ ಬರೆದಿದ್ದೆ: ‘ಅಪ್ಪಾ, ಈ ಹುಳುಗಳು ಎಷ್ಟು ಶಾಣ್ಯಾ ಇವೆ ನೋಡಿ! ಹಗಲೆಲ್ಲ ಶ್ವಾಸಕೋಶದಲ್ಲಿ ಅಡಗಿ ಕೂತಿರುತ್ತವೆ. ಸೊಳ್ಳೆ ಕಚ್ಚುವ ಹೊತ್ತಾಯಿತೆಂದರೆ, ರಾತ್ರಿ ಒಂಬತ್ತು ಹತ್ತರ ಮೇಲೆ, ಮೈಯ ರಕ್ತಕ್ಕೆ ಬರುತ್ತವೆ. ಹಗಲು ತೆಗೆದರೆ ರೋಗವಿದ್ದವರ ರಕ್ತವೂ ಸ್ವಚ್ಛ ಕಾಣುತ್ತದೆ.’ ಈ ಕೊನೆಯ ಸಾಲಿನ ಕೆಳಗೆ ನಿಮ್ಮ ಕೆಂಪು ಪೆನ್ಸಿಲ್ ಎರಡು ಸಲ ಗೆರೆ ಎಳೆದಿತ್ತು. ಆಫೀಸಿನ ಕಾಗದಕ್ಕೆ ಎಳೆಯುತ್ತೀರಲ್ಲ, ಹಾಗೆ, ಪಟ್ಟಿ ಇಟ್ಟು, ನೆಟ್ಟಗೆ.

ನಾನು ಆ ಪತ್ರ ಬರೆದದ್ದು ಯಾಕೆ ಎಂಬುದು ನಿಮಗೆ ನೆನಪಿರಬೇಕು. ನಮ್ಮ ಜೀವಶಾಸ್ತ್ರದ ಪಾಂಡುರಂಗ ಸರ್ ಈ ರೋಗದ ಮೇಲೆ ಸಂಶೋಧನೆ ಮಾಡುತ್ತಾರೆ. ಯಾವ ಊರಿನ ಸೊಳ್ಳೆಗಳ ಹೊಟ್ಟೆಯಲ್ಲಿ ಹುಳುವಿನ ಮರಿ ಎಷ್ಟಿವೆ ಎಂದು ಒಂದೊಂದೇ ಸೊಳ್ಳೆಯನ್ನು ಸೂಜಿಯಿಂದ ಬಿಡಿಸಿ ನೋಡುತ್ತಾರೆ. ದಸರೆಯ ರಜೆಗೆ ಹೊರಟಾಗ ನನಗೂ ಇಪ್ಪತ್ತು ಗಾಜಿನ ನಳಿಕೆ, ಒಂದು ಸುರುಳಿ ಹತ್ತಿ ಕೊಟ್ಟರು. ನಾನು ಬೆಳಿಗ್ಗೆ ಎದ್ದು ದನದ ಕೊಟ್ಟಿಗೆ, ಬಚ್ಚಲ ಗೋಡೆ, ದೇವರ ಜಗಲಿಯ ಹಿಂದೆ ಎಲ್ಲ ಕಡೆ ಸೊಳ್ಳೆ ಹಿಡಿದೆ. ಬಹಳ ಸಿಕ್ಕದ್ದು ಅಕ್ಕನ ಮಗ್ಗದ ಕುಣಿಯಲ್ಲಿ. ದಿನಕ್ಕೆ ಎಂಟು ತಾಸು ಅವಳು ಕಾಲು ಇಳಿಬಿಟ್ಟು ಕೂರುವ ಆ ತಂಪು ಕತ್ತಲೆಯಲ್ಲಿ ಅವೂ ಕೂರುತ್ತವೆ. ನಳಿಕೆಯ ಮೇಲೆ ನಾನು ‘ಅಕ್ಕನ ಮಗ್ಗದ ಕುಣಿ’ ಎಂದೇ ಚೀಟಿ ಅಂಟಿಸಿದೆ. ಅದೇ ನಳಿಕೆಯ ಒಂದು ಸೊಳ್ಳೆಯ ಎದೆಯೊಳಗಿಂದ ಸರ್ ಅದನ್ನು ಹೊರತೆಗೆದು, ‘ಬಾ, ನಿಮ್ಮ ಮನೆಯದನ್ನು ನೀನೇ ಮೊದಲು ನೋಡು’ ಎಂದು ಮೈಕ್ರೋಸ್ಕೋಪು ಬಿಟ್ಟುಕೊಟ್ಟರು. ಕಡಿದುಬಿದ್ದ ರೇಷ್ಮೆ ಎಳೆಯ ಹಾಗಿತ್ತು. ಆದರೆ ಹೊರಳುತ್ತಿತ್ತು. ಇಡೀ ಕ್ಲಾಸಿನಲ್ಲಿ ನನ್ನ ನಳಿಕೆಯಲ್ಲಿ ಮಾತ್ರ ಸಿಕ್ಕಿತು ಎಂದು ನಾನು ಹಿಗ್ಗಿದೆ, ಅಪ್ಪಾ. ಬಹುಮಾನ ಬಂದವಳ ಹಾಗೆ ನಿಮಗೆ ಪತ್ರ ಬರೆದೆ. ಆ ಹುಳು ಸೊಳ್ಳೆಯೊಳಗೆ ಹೋದದ್ದು ನಮ್ಮ ಓಣಿಯ ಯಾರದೋ ರಕ್ತದಿಂದಲೇ ಎಂಬುದು ಅವತ್ತು ನನ್ನ ತಲೆಗೆ ಹೊಳೆಯಲೇ ಇಲ್ಲ. ನಿಮಗೆ ಹೊಳೆಯಿತು. ಆದರೆ ಯಾವುದಕ್ಕೆ ಬಳಸಿದಿರಿ!

ಮುಂದಿನದನ್ನು ಅವ್ವನ ಬಾಯಿಂದ ಒಂದೊಂದೇ ಎಳೆದು ತೆಗೆದೆ. ದೀಪಾವಳಿ ಆದಮೇಲೆ ಮುಧೋಳದ ಅಣ್ಣಾಸಾಹೇಬರು ಮಗ ನಾಮದೇವರಿಗೆ ಹೆಣ್ಣು ನೋಡಲು ಬಂದರು. ಹುಡುಗ ಸಮೀರವಾಡಿಯ ಸಕ್ಕರೆ ಫ್ಯಾಕ್ಟರಿಯಲ್ಲಿ ಕಾಯಂ ಆದವನು, ಮಾತು ಮೆತ್ತಗೆ, ಅಕ್ಕನಿಗೂ ಮನಸ್ಸಿಗೆ ಬಂದ. ಅಜ್ಜಿಯ ಕಾಲಿನ ಮೇಲೆ ನೀವು ಎರಡು ಕೌದಿ ಹೊದಿಸಿ ಮೂಲೆಯಲ್ಲಿ ಕೂರಿಸಿದ್ದಿರಂತೆ. ಅವಳು ಬೀಗರಿಗೆ ಶರಣು ಮಾಡಬೇಕೆಂದು ಎದ್ದುಬಿಟ್ಟಳು. ಆಮೇಲೆ ಅಣ್ಣಾಸಾಹೇಬರ ಕಣ್ಣು ಅವಲಕ್ಕಿಯ ತಾಟಿಗೆ ತಿರುಗಲೇ ಇಲ್ಲವಂತೆ. ಹೋಗುವಾಗ ಹೊಸ್ತಿಲಲ್ಲಿ ನಿಂತು ‘ಹುಡಿಗೀದ ರಕ್ತಾ ತೋರಿಸಿದ್ದ ಒಂದ ಚೀಟಿ ಇದ್ರ ಛಲೋ ಆಕ್ಕಿತ್ತ ನೋಡ್ರಿ, ನಮ್ಮ ಮನ್ಯಾಗ ಹೆಣಮಕ್ಕಳು ಕೇಳತಾರ’ ಎಂದರಂತೆ. ಡಿಸೆಂಬರಿನಲ್ಲಿ ಸರ್ ಕೊಟ್ಟ ವರದಿಯ ಮೇಲೆ ಆನೆಕಾಲು ರೋಗದ ಫೈಲೇರಿಯಾ ಇಲಾಖೆಯವರು ನಮ್ಮ ಓಣಿಯಲ್ಲಿ ಮನೆಮನೆಗೆ ರಾತ್ರಿ ರಕ್ತ ತೆಗೆಯುತ್ತೇವೆಂದು ಡಂಗುರ ಸಾರಿದರು. ಅವರು ಬರುವ ಹಿಂದಿನ ದಿನವೇ ನೀವು ಅಕ್ಕನನ್ನು ಜಮಖಂಡಿಗೆ, ಅತ್ತೆಯ ಮನೆಗೆ ಕರೆದೊಯ್ದಿರಿ. ಅಲ್ಲಿ ಮರುದಿನ ಹಗಲು ಹನ್ನೊಂದೂವರೆಗೆ ಅವಳ ಬೆರಳು ಚುಚ್ಚಿಸಿದಿರಿ. ಇಲ್ಲಿ ಲಾಟೀನು ಹಿಡಿದು ಬಂದ ಫೈಲೇರಿಯಾದ ಕಾಮಣ್ಣ ಪಟ್ಟಿ ನೋಡಿ ‘ಮೂರ ಹೆಸರದಾವು, ಬಟ್ಟ ಎರಡs ಬಂದ್ವು. ಇನ್ನೊಂದ ಎಲ್ಲಿ ಅಡಗೇತ್ರಿ?’ ಎಂದು ತನ್ನ ಬೆರಳು ಎತ್ತಿ ತೋರಿಸಿ ನಗೆಯಾಡಿದನಂತೆ. ಅವ್ವನಿಗೆ ನಗು ಬರಲಿಲ್ಲ.

ನಾನು ಕೂಗಾಡಿದಾಗ ಅವ್ವ ನಿಮ್ಮ ಪರವಾಗಿಯೇ ಮಾತಾಡಿದಳು. ‘ನಿಮ್ಮಪ್ಪ ಸುಳ್ಳೇನ ಬರಸ್ಯಾರ ಬೇ? ಖರೇನ ರಕ್ತಾ ತಗಸ್ಯಾರ, ಖರೇನ ಚೀಟಿ ತಂದಾರ.’ ಇದೇ ನನಗೆ ತಡೆಯಲಾಗದ್ದು. ಚೀಟಿಯ ಒಂದಕ್ಷರವೂ ಸುಳ್ಳಲ್ಲ. ನಿಮ್ಮ ಪುನರ್ವಸತಿ ಆಫೀಸಿನಲ್ಲಿ ಮುಳುಗಡೆಯಾದ ಊರಿನವರ ಅರ್ಜಿಗೆ ಒಂದು ದಿನ ಹಿಂದಿನ ತಾರೀಖು ಹಾಕೆಂದು ಸಾಹೇಬರೇ ಹೇಳಿದರೂ ಹಾಕದೆ ಕೂತವರು ನೀವು. ಬೀಳಗಿಯಲ್ಲಿ ನಿಮ್ಮ ಹೆಸರು ಹೇಳಿ, ಹೊಳೆಪ್ಪ ಕಾರಕೂನರು ಅಂದರೆ ಸಾಕು, ಕಾಗದ ಸರಿ ಇರುತ್ತದೆ ಎನ್ನುತ್ತಾರೆ. ಆ ಹೆಸರನ್ನು ನಂಬಿಯೇ ಅಣ್ಣಾಸಾಹೇಬರು ಚೀಟಿಯನ್ನು ಓದಿ ಮಡಚಿ ಕಿಸೆಯಲ್ಲಿಟ್ಟುಕೊಂಡು ಸಂಬಂಧಕ್ಕೆ ಒಪ್ಪಿದರು. ವೇಳೆ ಯಾವುದು ಎಂದು ಅವರು ನೋಡಲಿಲ್ಲ. ನೋಡಿದರೂ ಅವರಿಗೆ ಏನು ತಿಳಿಯಬೇಕು? ಅದನ್ನು ತಿಳಿಸುವ ಮಗಳು ಅವರ ಮನೆಯಲ್ಲಿಲ್ಲ, ನಿಮ್ಮ ಮನೆಯಲ್ಲಿದ್ದಾಳೆ.

ಚೀಟಿಯನ್ನು ಒಯ್ದು ಅಕ್ಕನ ಮುಂದೆ ಹಿಡಿದೆ. ಅವಳು ಲಾಳಿ ನಿಲ್ಲಿಸಲಿಲ್ಲ. ‘ನಿನ್ನ ಪತ್ರ ಅಜ್ಜಿಗೆ ಓದಿ ಹೇಳಿದಾಕಿ ನಾನs ಅಲ್ಲೇನು? ಜಮಖಂಡ್ಯಾಗ ಬಟ್ಟ ಚುಚ್ಚೂ ಮುಂದನ ನನಗ ತಿಳದಿತ್ತ’ ಎಂದಳು. ಆಮೇಲೆ, ‘ಸೊಳ್ಳಿ ಹಿಡಿಯಾಕ ನನ್ನ ಕುಣೀನ ಬೇಕಾಗಿತ್ತೇನ್ಲೇ ನಿನಗ? ಊರಾಗ ಗಟಾರ ಇರಲಿಲ್ಲ?’ ಎಂದು ಕುಟುಕಿದಳು. ನಾನು ಅತ್ತೆ. ಅವಳು ಅಳಲಿಲ್ಲ. ಕುಣಿಯಿಂದ ಕಾಲೆತ್ತಿ ಪಾದದ ಹರಡಿನ ಮೇಲೆ ಹೆಬ್ಬೆಟ್ಟು ಒತ್ತಿ ತೋರಿಸಿದಳು. ಬೆರಳು ತೆಗೆದರೂ ಕುಳಿ ಹಾಗೇ ಉಳಿಯಿತು. ಶ್ರಾವಣದಿಂದ ತಿಂಗಳಿಗೊಮ್ಮೆ ಚಳಿಜ್ವರ ಬರುತ್ತದೆ, ತೊಡೆಯ ಸಂದಿಯಲ್ಲಿ ಗಂಟು ಏಳುತ್ತದೆ, ಮೂರು ದಿನಕ್ಕೆ ಇಳಿಯುತ್ತದೆ. ನಿಮಗೆ ಹೇಳಿದ್ದಳಂತೆ. ನೀವು ಏನೆಂದಿರಿ ಎಂದು ಕೇಳಿದೆ. ‘ಮದಿವಿ ಆಗೂತನಕ ತಡೀತೈತಿ ಅಂದಾರ’ ಎಂದಳು.

ಏನು ತಡೆಯುತ್ತದೆ, ಅಪ್ಪಾ? ಯಾರ ಸಲುವಾಗಿ ತಡೆಯುತ್ತದೆ? ಹನ್ನೆರಡು ದಿನದ ಗುಳಿಗೆ, ಅದೂ ಪುಕ್ಕಟೆ, ಕಾಮಣ್ಣನ ಚೀಲದಲ್ಲಿ ನಮ್ಮ ಬಾಗಿಲ ಮುಂದಿನಿಂದಲೇ ಹಾದುಹೋಗುತ್ತದೆ. ಈಗಲೇ ಹಿಡಿದರೆ ಬಾವು ಇಲ್ಲಿಗೇ ನಿಲ್ಲಬಹುದು, ಅಜ್ಜಿಯ ಕಾಲಿನಷ್ಟಾದ ಮೇಲೆ ಯಾವ ಗುಳಿಗೆಯೂ ಅದನ್ನು ಇಳಿಸಲಾರದು ಎಂದು ಸರ್ ಹೇಳುತ್ತಾರೆ. ನನ್ನ ಪತ್ರ ಬಂದು ಮೂರು ತಿಂಗಳು ಹೋದವು. ಗುಳಿಗೆಯವನು ಮನೆಗೆ ಬಂದರೆ ಓಣಿ ನೋಡುತ್ತದೆ ಎಂದು ನೀವು ಅಂಜಿದಿರಿ. ಅಕ್ಕನಿಗೆ ಗಂಡನ ಮನೆ ಸಿಗಬೇಕು ಎಂಬುದಷ್ಟೇ ನಿಮಗೆ ಕಂಡಿತು, ಆ ಮನೆಯಲ್ಲಿ ಅವಳು ಯಾವ ಕಾಲಿನ ಮೇಲೆ ನಿಲ್ಲಬೇಕು ಎಂಬುದು ಕಾಣಲಿಲ್ಲ. ನನ್ನನ್ನು ಹಾಸ್ಟೆಲಿನಲ್ಲಿಟ್ಟು ಓದಿಸಿದ್ದು ಇದಕ್ಕೇ ಏನು? ಕಳ್ಳದಾರಿ ತೋರಿಸಲಿ ಎಂದೇ? ಬರೆದವಳು ನಾನು ಎಂದು ನೆನೆದರೆ ನನ್ನ ಕೈಯನ್ನು ನಾನೇ ಕಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಗಂಟು ಬಿಡಿಸಿದವಳು ಅಜ್ಜಿ. ಗುರುವಾರ ಕಾಮಣ್ಣ ಓಣಿಯಲ್ಲಿ ಹೋಗುತ್ತಿದ್ದ. ಅಜ್ಜಿ ಕಟ್ಟೆಯ ಮೇಲಿಂದ, ಎದುರು ಮನೆಯವರು ಕಿವಿ ಮುಚ್ಚಿಕೊಂಡಿದ್ದರೂ ಕೇಳುವ ದನಿಯಲ್ಲಿ ಕರೆದಳು: ‘ಏ ಕಾಮಣ್ಣಾ, ಈ ಮನ್ಯಾಗ ಒಂದ ಬಟ್ಟ ಬಾಕಿ ಉಳದೈತಿ. ರಾತ್ರಿ ಬಂದ ಒಯ್ಯೋ ಮಾರಾಯಾ.’ ಅವ್ವ ಓಡಿಬಂದು ಬಾಯಿ ಮುಚ್ಚಲು ಹೋದಳು. ಅಜ್ಜಿ ಅವಳ ಕೈ ಸರಿಸಿ, ‘ನನ್ನ ಕಾಲ ಮುಚ್ಚಾಕ ನಿಮ್ಮ ಕೌದಿ ಸಾಲಲಿಲ್ಲ. ಆಕೀ ಕಾಲಿಗಿ ಎಲ್ಲಿಂದ ತರತೀರಿ?’ ಎಂದಳು. ಆ ರಾತ್ರಿ ಅಕ್ಕ ತಾನೇ ಎದ್ದು ಬೆರಳು ಚಾಚಿದಳು. ನಾನೂ ಚಾಚಿದೆ. ನಿನ್ನೆ ಫಲಿತಾಂಶ ತಂದ. ನನ್ನದರಲ್ಲಿ ಹುಳು ಇಲ್ಲ. ಅಕ್ಕನದು ಪಾಸಿಟಿವ್.

ನಿನ್ನೆ ಸಂಜೆಯಿಂದಲೇ ಗುಳಿಗೆ ಸುರುವಾಗಿದೆ. ಹುಳು ಸಾಯುವಾಗ ಜ್ವರ ಬರುತ್ತದೆ, ಅಂಜಿ ಬಿಡಬೇಡಿರಿ ಎಂದು ಕಾಮಣ್ಣ ಹೇಳಿದ್ದ, ಹಾಗೇ ಬಂದಿದೆ. ಬೆಳಗಿನಿಂದ ಅಜ್ಜಿಯ ಅವೇ ಎರಡು ಕೌದಿ ಹೊದ್ದು ನಡುಗುತ್ತ ಮಲಗಿದ್ದಾಳೆ. ನಾನು ಅವಳ ಪಕ್ಕದಲ್ಲಿ ಕೂತು ಬರೆಯುತ್ತಿದ್ದೇನೆ. ಪುಸ್ತಕದಲ್ಲಿ ಹೀಗಾಗುತ್ತದೆ ಎಂದು ಓದಿದ್ದರೂ ಸಾಲು ಸಾಲಿಗೆ ಪೆನ್ನು ಇಟ್ಟು ಅವಳ ಹಣೆ ಮುಟ್ಟಿ ನೋಡುತ್ತಿದ್ದೇನೆ.

ಈಗ ನೀವು ಮಾಡಬೇಕಾದ್ದು. ಅಣ್ಣಾಸಾಹೇಬರಿಗೆ ನೀವೇ, ನಿಮ್ಮ ಕೈಯಾರೆ, ಆ ಚೀಟಿ ಹಗಲಿನದು ಎಂದು ಬರೆಯಿರಿ. ರಾತ್ರಿಯ ಫಲಿತಾಂಶವನ್ನೂ ಬರೆಯಿರಿ. ಈ ರೋಗ ಹೆಂಡತಿಯಿಂದ ಗಂಡನಿಗೆ ಅಂಟುವುದಿಲ್ಲ, ಸೊಳ್ಳೆಯೇ ತರಬೇಕು ಎಂಬುದನ್ನು ಬೇಕಾದರೆ ನಾನು ಮುಧೋಳಕ್ಕೆ ಹೋಗಿ ಚಿತ್ರ ಬರೆದು ತಿಳಿಸುತ್ತೇನೆ. ಹನ್ನೆರಡು ದಿನ ಮುಗಿಯುವುದರೊಳಗೆ ನೀವು ಬರೆಯದಿದ್ದರೆ ಅಕ್ಕನೇ ನಾಮದೇವರಿಗೆ ಹೇಳುತ್ತಾಳಂತೆ. ಅವರು ಬೇಡವೆಂದರೆ ಏನು ಮಾಡುತ್ತೀ ಎಂದು ಅವ್ವ ಕೇಳಿದ್ದಕ್ಕೆ, ‘ಒಲ್ಲೆ ಅಂದ್ರ ಆತು. ಅಜ್ಜೀ ಕಾಲ ಕಂಡ ಮ್ಯಾಲೂ ಚೀಟಿ ತರ್ರಿ ಅಂದ ಮಂದಿ, ಖರೇ ಹೇಳಿದ್ರ ತಿಳಕೊಂಡಾರು’ ಎಂದಳು. ನಾಮದೇವರ ಹೆಸರು ಹೇಳುವಾಗ ದನಿ ಸಣ್ಣದಾಯಿತು. ಅದನ್ನೂ ನಿಮಗೆ ತಿಳಿಸಬೇಕು ಎಂದು ಬರೆದಿದ್ದೇನೆ.

ದೀಪಾವಳಿಯ ಆಚೆ ನೀವು ಮನೆಯಲ್ಲಿ ಒಂದು ರಾತ್ರಿಯೂ ಉಳಿದಿಲ್ಲ ಎಂದು ಅಜ್ಜಿ ಹೇಳಿದಳು. ರವಿವಾರ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೊರಟುಬಿಡುತ್ತೀರಂತೆ, ಇವತ್ತು ಅದೂ ಇಲ್ಲ. ಮುಖ ತೋರಿಸಲು ನಾಚಿಕೆ ಎಂದು ನಾನು ತಿಳಿದಿದ್ದೇನೆ. ನಾಚಿಕೆಯಾಗಲಿ. ನಿಮ್ಮ ಆಫೀಸಿನ ಸಿಪಾಯಿ ಸಾತಪ್ಪ ರಜೆಗೆ ಊರಿಗೆ ಬಂದಿದ್ದಾನಂತೆ, ಸಂಜೆ ಹೋಗುವಾಗ ಅವನ ಕೈಯಲ್ಲಿ ಈ ಪತ್ರ ಕೊಡುತ್ತೇನೆ.

ಅಜ್ಜಿಯ ಆಶೀರ್ವಾದ, ಅವ್ವನ ನಮಸ್ಕಾರ. ಅಕ್ಕ ನಿದ್ದೆಯಲ್ಲಿದ್ದಾಳೆ, ಅವಳದನ್ನು ನಾನು ಸುಳ್ಳು ಬರೆಯಲಾರೆ. ನನ್ನ ಸಿಟ್ಟು ಇಳಿದಿಲ್ಲ, ಆದರೂ ವೇಳೆಗೆ ಸರಿಯಾಗಿ ಉಣ್ಣಿರಿ.

ನಿಮ್ಮ ಮಗಳು,
ಅನಸೂಯಾ

ತಾ.ಕ.: ಸಾತಪ್ಪ ಬಾಗಿಲಲ್ಲಿ ನಿಂತಿದ್ದಾನೆ, ಬಸ್ಸಿಗೆ ಹೊತ್ತಾಗಿದೆ. ನಿಮ್ಮ ಚಪ್ಪಲಿಗಳನ್ನು ತಂದುಕೊಟ್ಟ. ‘ಎಡಗಾಲಿಂದ ಸಡಲ ಮಾಡಸ್ಬೇಕಂತ್ರಿ. ಸಾಹೇಬ್ರು ಬರೆಗಾಲಲೆ ಆಫೀಸಿಗಿ ಬರಾಕತ್ತಾರ್ರಿ’ ಎಂದ. ಎರಡನ್ನೂ ಕಟ್ಟೆಯ ಮೇಲೆ ಜೋಡಿಸಿಟ್ಟು ನೋಡಿದೆ. ಬಲಗಾಲಿನದು ಹೊಸದಿದ್ದ ಹಾಗೇ ಇದೆ. ಎಡಗಾಲಿನದರ ಪಟ್ಟಿಯನ್ನು ಕೊನೆಯ ತೂತಿಗೆ ಬಿಟ್ಟಿದ್ದೀರಿ, ಅದೂ ಸಾಲದೆ ಬ್ಲೇಡಿನಿಂದ ಕೊಯ್ದಿದ್ದೀರಿ. ಹೊಲಿದವನ ಅಳತೆ ತಪ್ಪಿಲ್ಲ, ಅಪ್ಪಾ. ಅಜ್ಜಿ ಅದನ್ನು ಕೈಗೆ ತೆಗೆದುಕೊಂಡು ಕೊಯ್ದ ಪಟ್ಟಿಯ ಮೇಲೆ ಬೆರಳಾಡಿಸಿದಳು. ‘ನಂದೂ ಚಪ್ಪಲಿಂದನ ಸುರು ಆಗಿತ್ತ’ ಎಂದಳು. ಈ ಮನೆಯಲ್ಲಿ ಬೆರಳು ಚುಚ್ಚಿಸದವರು ಇನ್ನು ನೀವೊಬ್ಬರೇ. ಚಪ್ಪಲಿಯನ್ನು ಸಡಿಲ ಮಾಡಿಸಿ ಕಳಿಸುವುದಿಲ್ಲ. ನಾನು ಮಂಗಳವಾರ ಧಾರವಾಡಕ್ಕೂ ಹೋಗುವುದಿಲ್ಲ, ಹಾಜರಿ ಹೋದರೆ ಹೋಗಲಿ. ಶನಿವಾರ ಸಂಜೆ ಬನ್ನಿರಿ, ಕಾಮಣ್ಣನಿಗೆ ಹೇಳಿಡುತ್ತೇನೆ. ರವಿವಾರ ಬೆಳಗಿನ ಬಸ್ಸು ಬೇಡ. ನನಗೆ ನಿಮ್ಮ ಹಗಲಿನ ರಕ್ತ ಬೇಡ. ರಾತ್ರಿ ಮನೆಯಲ್ಲಿರಿ.

ಅನಸಿ