ವಾರ್ನಿಷ್ ಕೋಣೆಯ ಬಾಗಿಲು

ಚಾಮರಾಜಪೇಟೆ, ಬೆಂಗಳೂರು
೧೩ ನವೆಂಬರ್ ೨೦೨೫, ಗುರುವಾರ

ಯಜಮಾನರ ಪಾದಗಳಿಗೆ ಮುನಿಲಕ್ಷ್ಮಮ್ಮನ ನಮಸ್ಕಾರ.

ಕೆಮ್ಮು ಹೇಗಿದೆ? ಬೆಳಗಿನ ಹೊತ್ತು ಕಫ ಕಡಿಮೆಯಾಯಿತೇ? ನಿಮ್ಮ ತಂಗಿಯ ಊರಲ್ಲಿ ಗಾಳಿ ಚೆನ್ನಾಗಿದೆ ಅಂತ ಬೀಡಿ ಸೇದುವವರ ಜೊತೆ ಕಟ್ಟೆಯ ಮೇಲೆ ಕೂರಬೇಡಿ. ಫೋನಿನಲ್ಲಿ ಮಾತಿಗೆ ಕೂತರೆ ನಿಮಗೆ ಕೆಮ್ಮು ಹತ್ತಿಕೊಳ್ಳುತ್ತದೆ, ನನ್ನ ಮಾತು ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಈ ಕಾಗದ. ಸೋಮವಾರ ಗವಿಪುರಕ್ಕೆ ಹೋಗಿ ಗಂಗಾಧರೇಶ್ವರನಿಗೆ ಕಾರ್ತಿಕದ ದೀಪ ಹಚ್ಚಿ, ನಿಮ್ಮ ಹೆಸರಲ್ಲಿ ಅರ್ಚನೆ ಮಾಡಿಸಿ ಬಂದೆ.

ಇನ್ನು ಮನೆಗೆ ಅಂಟಿಕೊಂಡ ನಮ್ಮ ಪ್ರೆಸ್ಸಿನ ವಿಷಯ. ದೇವರ ಕ್ಯಾಲೆಂಡರಿಗೆ ವಾರ್ನಿಷ್ ಹಚ್ಚುವ, ಇಷ್ಟು ವರ್ಷ ನೀವೇ ನಡೆಸಿದ ಮಿಷನ್ನಿನ ಸುತ್ತ ತಗಡಿನ ಕೋಣೆ ಎದ್ದಿದೆ. ಮಿಷನ್ನಿನ ವಾಸನೆ ನಡುಮನೆಗೆ ಬರುವುದು ನಿಲ್ಲುವ ತನಕ ನಿಮ್ಮನ್ನು ಕರೆಸಬೇಡಿ ಎಂದು ಡಾಕ್ಟರು ಹೇಳಿದ್ದರಲ್ಲ, ಅದಕ್ಕೆ ಮಾಡಿಸಿದ್ದು. ಮಾಡಿಕೊಟ್ಟವಳು ಯಶಶ್ರೀ ಅಂತ, ಮತ್ತಿಕೆರೆಯ ಇಂಜಿನಿಯರ್ ಹುಡುಗಿ. ಪಕ್ಕದ ಮನೆ ಜಾನಕಮ್ಮ ಬಂದು ನೋಡಿ, "ಏನ್ರೀ, ಮಿಷನ್ನಿಗೆ ಗರ್ಭಗುಡಿ ಕಟ್ಟಿಸಿಬಿಟ್ರಾ? ಪ್ರದಕ್ಷಿಣೆ ಹಾಕ್ಬೇಕಾ?" ಅಂದರು. ಹಾಕಿದರೆ ತಪ್ಪೇನು, ಅನ್ನ ಹಾಕುವ ಮಿಷನ್ನು ಅಂದೆ. ಕೋಣೆಯ ಮೇಲಿನ ಫ್ಯಾನು ವಾಸನೆಯನ್ನೆಲ್ಲ ಎಳೆದು, ಕೊಳವೆಯಲ್ಲಿ ಇದ್ದಿಲು ತುಂಬಿದ ಡ್ರಮ್ಮಿಗೆ ಕಳಿಸುತ್ತದೆ. ಒಲೆಯ ಇದ್ದಿಲಲ್ಲ, ವಾಸನೆ ತಿನ್ನುವ ಇದ್ದಿಲಂತೆ! ತಿಂದು ತಿಂದು ಅದಕ್ಕೆ ಹೊಟ್ಟೆ ತುಂಬಿದರೆ ಏನು ಮಾಡುವುದು ಎಂದು ಕೇಳಿದೆ. "ಬದಲಾಯಿಸ್ಬೇಕು ಅಮ್ಮ, ಎಲ್ಲರೂ ಖರ್ಚೆಷ್ಟು ಅಂತ ಕೇಳಿದ್ರೆ ನೀವು ಇದನ್ನ ಕೇಳ್ತೀರಲ್ಲ" ಎಂದು ನಕ್ಕಳು. ಕೋಣೆಯಲ್ಲಿ ಕ್ಯಾಲೆಂಡರಿನ ಹಾಳೆ ಹೋಗಿ ಬರುವ ಕಿಂಡಿಗಳನ್ನು ಯಾಕೆ ತೆರೆದು ಬಿಟ್ಟೆ, ಅಲ್ಲಿಂದ ವಾಸನೆ ಹೊರಡುವುದಿಲ್ಲವೇ ಎಂದೆ. ಅವಳು ನನ್ನ ಊದುಬತ್ತಿಯನ್ನೇ ಇಸಿದುಕೊಂಡು ಕಿಂಡಿಯ ಮುಂದೆ ಹಿಡಿದಳು. ಹೊಗೆ ಯಾರೋ ಕರೆದ ಹಾಗೆ ಸರ್ರನೆ ಒಳಗೆ ಹೋಯಿತು. "ಒಳಗೆ ನುಗ್ಗೋ ಗಾಳಿನೇ ಇಲ್ಲಿ ಕಾವಲು" ಅಂದಳು. ನನಗೆ ಮೈ ಜುಮ್ಮೆಂದಿತು. ಇಷ್ಟು ವರ್ಷ ಊದುಬತ್ತಿ ಹಚ್ಚಿದ್ದೇನೆ, ಅದರ ಹೊಗೆ ಎತ್ತ ಹೋಗುತ್ತದೆ ಎಂದು ಒಂದು ದಿನವೂ ನೋಡಿರಲಿಲ್ಲ.

ಹಗಲೆಲ್ಲ ಚೆನ್ನಾಗಿರುತ್ತಿತ್ತು. ಆದರೆ ಸಾಯಂಕಾಲವಾದರೆ ನಡುಮನೆಯಲ್ಲಿ ನಿಮ್ಮ ಮಂಚದ ಹತ್ತಿರ ಮತ್ತೆ ಅದೇ ವಾಸನೆ. ಈಗ ಮಿಷನ್ ನಡೆಸುವ ನಮ್ಮ ಈಶ್ವರ ಕೊಳವೆಯ ಸಂದುಗಳನ್ನೆಲ್ಲ ತಡವಿ ನೋಡಿದ, ಫ್ಯಾನು ಬಿಚ್ಚಿ ಕಟ್ಟಿದ. ಏನೂ ಸಿಗಲಿಲ್ಲ. ಇಷ್ಟು ಮಾಡಿಸಿಯೂ ನಿಮ್ಮನ್ನು ಕರೆಸಿಕೊಳ್ಳುವ ಭಾಗ್ಯ ಇಲ್ಲವಲ್ಲ ಎಂದು ದೇವರ ಮುಂದೆ ಕೂತು ಅತ್ತೆ. ಕೊನೆಗೆ ಯಶಶ್ರೀಯೇ ಒಂದು ದಿನ ಮುಸ್ಸಂಜೆಗೆ ಬಂದಳು. ಬಂದವಳೇ, "ಈ ಕೋಣೆ ಬಾಗಿಲು ಯಾರು ತೆಗೆದಿದ್ದು?" ಅಂದಳು. ಇನ್ಯಾರು, ನಾನೇ! ದೀಪ ಹಚ್ಚುವ ಹೊತ್ತು, ಲಕ್ಷ್ಮಿ ಬರುವ ಹೊತ್ತು. ಬೀದಿ ಬಾಗಿಲು ತೆಗೆದು, ದುಡಿಯುವ ಮಿಷನ್ನಿನ ಬಾಗಿಲು ಮುಚ್ಚಿಡುವುದುಂಟೇ? ದಿನವೂ ತೆಗೆದು ದೀಪ ತೋರಿಸಿ, ಮನೆಯ ಎಲ್ಲ ಬಾಗಿಲಿನಂತೆ ಅದನ್ನೂ ಹಾಗೇ ಬಿಡುತ್ತಿದ್ದೆ. ಈಶ್ವರನಿಗೂ ಅದು ತಪ್ಪು ಅನ್ನಿಸಿರಲಿಲ್ಲ, ಅವನೂ ಕೈ ಮುಗಿಯುತ್ತಿದ್ದ. ಹುಡುಗಿ ನಗಲಿಲ್ಲ. ತೆರೆದ ಬಾಗಿಲಿಗೆ ಊದುಬತ್ತಿ ಹಿಡಿದಳು. ಹೊಗೆ ಒಂದಿಷ್ಟು ಒಳಗೆ ಹೋದ ಹಾಗೆ ಮಾಡಿ, ತೂಗಾಡಿ, ಮೆಲ್ಲಗೆ ತಿರುಗಿ ನಡುಮನೆಯ ಕಡೆ ಹೊರಟಿತು. ನೀರಿನ ಪೈಪಿನ ಬಾಯಿಯನ್ನು ಹೆಬ್ಬೆರಳಲ್ಲಿ ಒತ್ತಿದರೆ ನೀರು ರಭಸವಾಗಿ ಚಿಮ್ಮುತ್ತದೆ, ಬಿಟ್ಟರೆ ಸುಮ್ಮನೆ ಸುರಿಯುತ್ತದಲ್ಲ, ಗಾಳಿಯೂ ಹಾಗೇ ಅಂತೆ. ಬಾಗಿಲು ಅಷ್ಟಗಲ ತೆರೆದರೆ ಫ್ಯಾನಿನ ಎಳೆತ ಸಾಲುವುದಿಲ್ಲ.

ಲಕ್ಷ್ಮಿಯನ್ನು ಬಿಡಲೋ, ನಿಮ್ಮನ್ನು ಬಿಡಲೋ? ಇಬ್ಬರನ್ನೂ ಬಿಡಲಿಲ್ಲ. ಈಗ ಮುಸ್ಸಂಜೆಗೆ ಮಿಷನ್ ನಿಲ್ಲಿಸಿ ಹುಡುಗರನ್ನು ಟೀಗೆ ಕಳಿಸುತ್ತೇನೆ. ಫ್ಯಾನು ಒಳಗಿನ ವಾಸನೆಯನ್ನೆಲ್ಲ ಎಳೆದಾದ ಮೇಲೆ ಬಾಗಿಲು ತೆಗೆದು, ದೀಪ ತೋರಿಸಿ, ಮುಚ್ಚಿದ ಮೇಲೇ ಕೆಲಸ ಶುರು. "ಇದು ಸರಿ ಅಮ್ಮ" ಅಂದಳು ಯಶಶ್ರೀ. ಈಗ ನಡುಮನೆಯಲ್ಲಿ ಸಾರಿನ ಒಗ್ಗರಣೆ ಬಿಟ್ಟು ಬೇರೆ ವಾಸನೆಯಿಲ್ಲ.

ನಿಮ್ಮ ತಂಗಿಗೆ, ಮಕ್ಕಳಿಗೆ ನನ್ನ ನೆನಪು ಹೇಳಿ. ಆ ಗಂಗಾಧರ ನಿಮ್ಮ ಉಸಿರು ಕಾಯಲಿ.

ಇಂತಿ ನಿಮ್ಮ
ಮುನಿಲಕ್ಷ್ಮಮ್ಮ

ಮರೆತೆ: ನೀವಿನ್ನು ಮನೆಗೆ ಬರಬಹುದು ಎಂದು ಡಾಕ್ಟರು ಹೇಳಿದರು. ಆದರೆ ಆ ಕೋಣೆ ಹೊರಗಿರುವವರನ್ನು ಕಾಯುತ್ತದೆಯೇ ಹೊರತು ಒಳಗೆ ಹೋದವರನ್ನಲ್ಲ. ನೀವು ಬಂದ ದಿನವೇ "ಒಂದು ಸಲ ನೋಡ್ತೀನಿ ಕಣೇ" ಅಂತ ಒಳಗೆ ನುಗ್ಗುವವರು ಎಂದು ನನಗೆ ಗೊತ್ತು. ಇನ್ನು ಮೇಲೆ ಆ ಮಿಷನ್ನು ನಡೆಸುವ ಕೆಲಸ ಈಶ್ವರನದು, ನಿಮ್ಮದಲ್ಲ. ಸಿಟ್ಟು ಬಂದರೆ ಅಲ್ಲೇ ತೀರಿಸಿಕೊಂಡು, ಆಮೇಲೆ ಬಸ್ಸು ಹತ್ತಿ. ಕೋಣೆಯ ಬೀಗದ ಕೈ ನನ್ನ ತಾಳಿಗೆ ಕಟ್ಟಿಕೊಂಡಿದ್ದೇನೆ.