ಚೊಚ್ಚಲ ಆಲ್ಬಮ್ಮಿನ ದನಿ

ಮಾರ್ಚ್ 9, ಸೋಮವಾರ

ಪ್ರೀತಿಯ ಅಮ್ಮಾ,

ಮೊದಲು ನಮಸ್ಕಾರ, ಆಮೇಲೆ ಕ್ಷಮೆ. ನಿನ್ನ ಪತ್ರ ಬಂದು ಎಷ್ಟೋ ದಿನವಾಯಿತು. ಕನ್ನಡಿಗೆ ಒರಗಿಸಿ ಇಟ್ಟಿದ್ದೆ. ತಲೆ ಬಾಚಿಕೊಳ್ಳುವಾಗಲೆಲ್ಲ ಅದು ನನ್ನನ್ನೇ ದುರುಗುಟ್ಟಿ ನೋಡುತ್ತಿತ್ತು. ಇವತ್ತು ಈಜುಕೊಳದ ನೀರು ಬದಲಾಯಿಸುತ್ತಿದ್ದಾರೆ. ಮಕ್ಕಳಿಗೆ ಕ್ಲಾಸಿಲ್ಲ, ನನಗೂ ನೆಪವಿಲ್ಲ. ಖಾಲಿ ಕೊಳದ ಪಕ್ಕದ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೀನಿ. ಅಕ್ಷರ ವಕ್ರವಾಗಿದ್ದರೆ ಬೆಂಚಿನ ತಪ್ಪು.

ಅಕ್ಕನ ಅವಳಿಗಳು ಹೇಗಿದ್ದಾರೆ? ಒಬ್ಬ ಮಲಗಿದರೆ ಇನ್ನೊಬ್ಬ ಏಳುತ್ತಾನೆ, ಇಬ್ಬರೂ ಮಾತಾಡಿಕೊಂಡು ಪಾಳಿ ಹಾಕಿಕೊಂಡಿದ್ದಾರೆ ಅಂತ ಬರೆದಿದ್ದೆಯಲ್ಲ, ಓದಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಕ್ಕನಿಗೆ ಹೇಳು, ಅವಳಿಗೆ ಚೊಚ್ಚಲಿನಲ್ಲೇ ಎರಡು, ನನಗೆ ಒಂದೇ ಒಂದು, ಆದರೂ ಹೆರಿಗೆ ನೋವು ನನ್ನದೇ ಜಾಸ್ತಿ ಅಂತ. ಹೌದಮ್ಮ, ನಮ್ಮ ಬ್ಯಾಂಡಿನ ಚೊಚ್ಚಲ ಆಲ್ಬಮ್ ಮುಗಿಯಿತು. ಮೊನ್ನೆ ಅದರ ಮೊದಲ ಪ್ರತಿಯನ್ನು ಕೈಯಲ್ಲಿ ಹಿಡಿದು ನೋಡಿದೆ. ಅದು ಹೇಗಾಯಿತು ಅಂತ ನಿನಗೆ ಸರಿಯಾಗಿ ಹೇಳಬೇಕು, ಅದಕ್ಕೇ ಈ ಉದ್ದನೆಯ ಪತ್ರ.

ಮೊದಲು ಗಂಟಲ ವಿಷಯ. ಆಪರೇಷನ್ ಚೆನ್ನಾಗಿ ಆಯಿತು, ಗಂಟು ತೆಗೆದರು, ರಿಪೋರ್ಟಿನಲ್ಲಿ ಕೆಟ್ಟದ್ದೇನೂ ಇಲ್ಲ ಅಂತ ಆಗಲೇ ತಿಳಿಸಿದ್ದೆ. ಅದೆಲ್ಲ ನಿಜ. ತಿಳಿಸದೇ ಇದ್ದದ್ದು ಏನೆಂದರೆ, ಆ ಗಂಟು ದನಿಯ ನರಕ್ಕೆ ಅಂಟಿಕೊಂಡು ಬೆಳೆದಿತ್ತು. ಬಿಡಿಸುವಾಗ ನರ ಸೋತುಹೋಯಿತು. ಹೀಗಾಗಬಹುದು ಅಂತ ಡಾಕ್ಟರು ಮೊದಲೇ ಹೇಳಿದ್ದರು, ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಎಚ್ಚರವಾದಾಗ ನರ್ಸ್ ಹೆಸರು ಕೇಳಿದರು, ನಾನು ಹೇಳಿದೆ, ಪಕ್ಕದ ಹಾಸಿಗೆಯವರು ಯಾರೋ ಉತ್ತರ ಕೊಟ್ಟ ಹಾಗೆ ಕೇಳಿಸಿತು.

ಈಗಿನ ದನಿ ತಗ್ಗಿನದು, ಒರಟು. ಮರಳಿನ ಮೇಲೆ ಕುರ್ಚಿ ಎಳೆದ ಹಾಗಿರುತ್ತದೆ. ಮೇಲಿನ ಸ್ವರಗಳು ಪೂರಾ ಹೋದವು. ಸ್ವಲ್ಪ ಸುಧಾರಿಸಬಹುದು, ಹಳೆಯದು ಬರುವುದಿಲ್ಲ. ಕೊಳದಲ್ಲಿ ಮಕ್ಕಳನ್ನು ಕೂಗಿ ಕರೆಯಲು ಆಗದೆ ಸೀಟಿ ಕಟ್ಟಿಕೊಂಡಿದ್ದೀನಿ. "ಟೀಚರ್, ನಿಮ್ಮ ಶೀತ ಯಾವಾಗ ವಾಸಿಯಾಗುತ್ತೆ?" ಅಂತ ಒಬ್ಬಳು ದಿನಾ ಕೇಳುತ್ತಾಳೆ. ದಿನಾ "ನಾಳೆ" ಅನ್ನುತ್ತೀನಿ.

ರೆಕಾರ್ಡ್ ಕಂಪನಿಯವರು ನಮ್ಮನ್ನು ಒಪ್ಪಿಕೊಂಡದ್ದು ಆಪರೇಷನ್ನಿಗೆ ಮುಂಚೆ ಗ್ಯಾರೇಜಿನಲ್ಲಿ ಮಾಡಿದ್ದ ಡೆಮೊ, ಅಂದರೆ ಮಾದರಿ ರೆಕಾರ್ಡಿಂಗ್, ಕೇಳಿ. ಅದರಲ್ಲಿರುವುದು ನಿನಗೆ ಗೊತ್ತಿರುವ ದನಿ. ಮಾತಾಡಲು ಡಾಕ್ಟರು ಅನುಮತಿ ಕೊಟ್ಟ ಮೇಲೆ ನಾವು ಮೂವರೂ ಕಂಪನಿಯ ಮ್ಯಾನೇಜರ ಹತ್ತಿರ ಹೋದೆವು. ನಮ್ಮ ಡ್ರಮ್ಮರ್ ಗುಂಡ, ಅದೇ, ಲಾಂಡ್ರಿ ವ್ಯಾನ್ ಓಡಿಸುವವನು, ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ನಮ್ಮ ಗಿಟಾರಿನವಳು, ಮಾತಿಗೆ ತೆರಿಗೆ ಕಟ್ಟಬೇಕೇನೋ ಅನ್ನುವ ಹಾಗಿರುವುದರಿಂದ ಎಲ್ಲರೂ ಅವಳನ್ನು ಮೌನಿ ಅನ್ನುತ್ತಾರೆ, ಮತ್ತೆ ಬಾಸ್ ಗಿಟಾರ್ ನುಡಿಸುತ್ತಾ ಹಾಡುವ ನಾನು.

ಮ್ಯಾನೇಜರ ಕೋಣೆಯ ಗೋಡೆಗೆ ಯಾವುದೋ ಪತ್ರಿಕೆಯ ಪುಟವನ್ನು ಕಟ್ಟು ಹಾಕಿಸಿ ನೇತುಹಾಕಿದ್ದಾರೆ: ಸಾರ್ವಕಾಲಿಕ ಶ್ರೇಷ್ಠ ಚೊಚ್ಚಲ ರಾಕ್ ಆಲ್ಬಮ್‌ಗಳು ಅಂತ. ನಾನು ಒಂದೆರಡು ಸಾಲು ಹಾಡಿ ತೋರಿಸಿದೆ. ಅವರು ಕಣ್ಣು ತಗ್ಗಿಸಿಕೊಂಡರು. ಆಮೇಲೆ ಎದ್ದು ಆ ಪುಟದ ಮುಂದೆ ನಿಂತರು.

"ಇದರಲ್ಲಿರೋ ಎಷ್ಟೋ ಬ್ಯಾಂಡುಗಳು ಆಮೇಲೆ ರಾಶಿ ರಾಶಿ ಆಲ್ಬಮ್ ಮಾಡಿದ್ವು. ಜನ ಈಗಲೂ ಕೇಳೋದು ಮೊದಲನೇದನ್ನ. ಮೊದಲನೇದು ಅನ್ನೋದು ಒಂದೇ ಸಲ ಬರೋದು. ಅದನ್ನ ಕೈಯಾರೆ ಹಾಳುಮಾಡ್ಕೋಬೇಡಿ. ಡೆಮೊದಲ್ಲಿರೋ ದನೀನೇ ತಗೊಳ್ಳೋಣ. ವಾದ್ಯ ಮಾತ್ರ ಹೊಸದಾಗಿ ನುಡಿಸಿ. ಯಾರಿಗೂ ಗೊತ್ತಾಗಲ್ಲ."

"ಸ್ಟೇಜ್ ಮೇಲೆ?" ಅಂದೆ.

"ತುಟಿ ಆಡಿಸಿದ್ರಾಯ್ತು. ಈಗ ಯಾರು ಮಾಡಲ್ಲ ಹೇಳಿ?"

ಕೆಟ್ಟ ಮನುಷ್ಯರಲ್ಲ ಅಮ್ಮ. ನನಗೆ ಕುಡಿಯಲು ಬಿಸಿನೀರನ್ನು ಅವರೇ ಎದ್ದು ಹೋಗಿ ತಂದಿದ್ದರು. ಆದರೆ ಗುಂಡ ಕೆಂಪಗಾಗಿಬಿಟ್ಟ. ಅವನ ಹುಚ್ಚು ನಿನಗೆ ಗೊತ್ತಿಲ್ಲ. ಅವನ ಕಪಾಟಿನಲ್ಲಿ ಚೊಚ್ಚಲ ಆಲ್ಬಮ್ ಬಿಟ್ಟು ಬೇರೇನಿಲ್ಲ. ಯಾವ ಬ್ಯಾಂಡಿನದೂ ಎರಡನೆಯದನ್ನು ಅವನು ಕೊಳ್ಳುವುದೇ ಇಲ್ಲ. "ಸದ್ಯ, ನಾನು ಇವರ ಮೊದಲನೇ ಹೆಂಡತಿ" ಅಂತ ಅವನ ಹೆಂಡತಿ ಆಡಿಕೊಳ್ಳುತ್ತಾಳೆ.

"ಸರ್, ಆ ಗೋಡೆ ಮೇಲಿರೋದೆಲ್ಲ ನನ್ನ ಹತ್ರ ಇದೆ," ಅಂದ. "ಅದರಲ್ಲಿ ಅರ್ಧ ಜನಕ್ಕೆ ಹಾಡೋಕೇ ಬರ್ತಿರ್ಲಿಲ್ಲ. ಒಬ್ಬನ ತಾಳ ಎಲ್ಲೋ, ಇನ್ನೊಬ್ಬನ ಉಸಿರು ಎಲ್ಲೋ. ತಮ್ಮ ಕೊರತೇನ ಹೇಗೆ ಮುಚ್ಚಿಡಬೇಕು ಅಂತ ಅವರಿಗಿನ್ನೂ ತಿಳಿದಿರ್ಲಿಲ್ಲ, ಅದಕ್ಕೇ ಅವು ಇವತ್ತಿಗೂ ಮೈ ಜುಮ್ಮೆನ್ನಿಸ್ತವೆ. ನೀವು ನಮಗೆ ಮೊದಲನೇ ದಿನಾನೇ ಮುಚ್ಚಿಡೋದು ಕಲಿಸ್ತಿದ್ದೀರಲ್ಲ!"

ಮ್ಯಾನೇಜರು ಮೌನಿಯ ಕಡೆ ತಿರುಗಿದರು, ಅವಳಾದರೂ ತಮ್ಮ ಪರ ಇರಬಹುದು ಅಂತ. ಮೌನಿ ಗಂಟಲು ಸರಿ ಮಾಡಿಕೊಂಡಳು. "ಹಾಡೋರು ಬದುಕಿದ್ದಾರೆ ಸರ್. ಇಲ್ಲೇ ಕೂತಿದ್ದಾರೆ." ಅಷ್ಟೇ. ಅಂದಿನ ಅವಳ ಮಾತು ಅಷ್ಟಕ್ಕೇ ಮುಗಿಯಿತು.

ನನಗೆ ಅಳು ಬರಬೇಕಿತ್ತು, ಬರಲಿಲ್ಲ. ಬದಲಿಗೆ ನೀನು ಸೀರೆ ಸೆರಗು ಸಿಕ್ಕಿಸಿಕೊಂಡು ಕೆಲಸಕ್ಕಿಳಿಯುತ್ತೀಯಲ್ಲ, ಅಂಥದ್ದೇನೋ ಒಳಗೆ ಆಯಿತು. "ಸ್ಟುಡಿಯೋದಲ್ಲಿ ಒಂದು ಬೆಳಿಗ್ಗೆ ಕೊಡಿ," ಅಂದೆ. "ಒಂದು ಹಾಡು ಹಾಡ್ತೀನಿ. ಕೇಳಿ, ಆಮೇಲೆ ನಿಮ್ಮ ತೀರ್ಮಾನ ನೀವು ಮಾಡಿ, ನಮ್ಮದು ನಾವು ಮಾಡ್ತೀವಿ." ಅವರು ತಲೆ ಕೆರೆದುಕೊಂಡು ಒಪ್ಪಿದರು.

ಅಲ್ಲಿಂದ ಶುರುವಾಯಿತು ನೋಡು ನಮ್ಮ ಕಸರತ್ತು. ದನಿಯ ವ್ಯಾಯಾಮ ಕಲಿಸುವ ಥೆರಪಿಸ್ಟ್ ನನ್ನ ಕೈಗೆ ಒಂದು ಲೋಟ ನೀರು, ಒಂದು ಸ್ಟ್ರಾ ಕೊಟ್ಟರು. ಗುಳುಗುಳು ಅಂತ ಗುಳ್ಳೆ ಎಬ್ಬಿಸುತ್ತಾ ಒಂದೇ ಸ್ವರ ಹಿಡಿಯಬೇಕು. ದೊಡ್ಡ ರಾಕ್ ಗಾಯಕಿ ಅಂತ ಮೆರೆಯುತ್ತಿದ್ದವಳು ಅಡುಗೆಮನೆಯಲ್ಲಿ ನಿಂತು ಎಮ್ಮೆ ನೀರು ಕುಡಿದ ಹಾಗೆ ಸದ್ದು ಮಾಡುತ್ತಿದ್ದೆ. ಸ್ವಲ್ಪ ಹೊತ್ತಿಗೇ ಗಂಟಲು ಸೋಲುತ್ತಿತ್ತು. ಸೋತ ಮೇಲೆ ಸುಮ್ಮನಿರುವುದೇ ಎಲ್ಲಕ್ಕಿಂತ ಕಷ್ಟದ ವ್ಯಾಯಾಮ.

ಹಾಡುಗಳನ್ನೆಲ್ಲ ತಗ್ಗಿಸಬೇಕಾಯಿತು. ಮೌನಿ ಗಿಟಾರಿನ ತಂತಿ ಸಡಿಲಿಸಿದಳು. ಅವು ಬಟ್ಟೆ ಒಣಹಾಕುವ ಹಗ್ಗದ ಹಾಗೆ ಜೋತುಬಿದ್ದವು. ದಪ್ಪ ತಂತಿ ತಂದು ಕಟ್ಟಿದಳು, ಬೆರಳಿಗೆಲ್ಲ ಬೊಬ್ಬೆ ಬಂದವು. ಗುಂಡ ಸದ್ದು ತಗ್ಗಿಸಲು ಡ್ರಮ್ಮಿನ ಮೇಲೆ ಟವೆಲ್ ಹೊದಿಸಿದ; ಲಾಂಡ್ರಿಯವನಿಗೆ ಟವೆಲಿಗೇನು ಬರವೇ! "ಲಿಫ್ಟ್ ಕೆಟ್ಟಿದೆ" ಅನ್ನುವ ಹಾಡು ಮಾತ್ರ ಯಾವ ರೀತಿಗೂ ಬಗ್ಗಲಿಲ್ಲ. ಮೂರನೇ ಮಹಡಿಯ ಮುದುಕಿಯೊಬ್ಬಳನ್ನು ನೋಡಲು ಮೆಟ್ಟಿಲು ಹತ್ತಿಕೊಂಡು ಹೋಗುವ ಹಾಡು ಅದು. ಪಲ್ಲವಿ ಒಂದೊಂದೇ ಮೆಟ್ಟಿಲು ಮೇಲೇರಿ, ಕೊನೆಗೆ ಕಿರುಚಿನಲ್ಲಿ ನಿಲ್ಲುತ್ತಿತ್ತು. ಆ ಕಿರುಚು ಈಗ ಬರೀ ಗಾಳಿ. ಮತ್ತೆ ಮತ್ತೆ ಪ್ರಯತ್ನಿಸಿ ಕೊನೆಗೆ ನಾನು ಬಾಸ್ ಗಿಟಾರ್ ಕೆಳಗಿಟ್ಟು ಗೋಡೆಗೆ ಒರಗಿ ಕೂತುಬಿಟ್ಟೆ.

"ಹತ್ತೋಕಾಗದಿದ್ರೆ ಇಳಿಯೋಣ," ಅಂದಳು ಮೌನಿ.

ಇಳಿಯುವುದು ಅಂದರೆ? ಅವಳು ನುಡಿಸಿ ತೋರಿಸಿದಳು. ಅದೇ ಸ್ವರಗಳು, ತಲೆಕೆಳಗಾಗಿ. ಈಗ ಹಾಡು ಮುದುಕಿಯ ಮನೆಯಿಂದ ವಾಪಸ್ಸು ಕೆಳಗಿಳಿದು ಬರುವ ಹಾಡಾಯಿತು. ಸಾಹಿತ್ಯದಲ್ಲಿ ಒಂದು ಪದವನ್ನೂ ಬದಲಿಸಲಿಲ್ಲ. ಆದರೆ ಮುದುಕಿಗೆ ಏನೋ ಆಗಿಹೋಗಿದೆ ಅಂತ ಕೇಳಿದವರಿಗೆ ಗೊತ್ತಾಗುತ್ತದೆ. ಗುಂಡ ಟವೆಲಿನಲ್ಲಿ ಮುಖ ಒರೆಸಿಕೊಂಡ, ಬೆವರು ಅಂದ.

ಸ್ಟುಡಿಯೋ ಒಂದು ಚಪ್ಪಲಿ ಅಂಗಡಿಯ ಕೆಳಗಿನ ನೆಲಮಾಳಿಗೆ. ಸದ್ದು ಹೊರಗೆ ಹೋಗದಿರಲಿ ಅಂತ ಗೋಡೆಗೆಲ್ಲ ಹಳೆಯ ಹಾಸಿಗೆ ಹೊಡೆದಿದ್ದಾರೆ. ಅಲ್ಲಿ ರೆಕಾರ್ಡಿಂಗ್ ಮಾಡುವ ಹೆಂಗಸನ್ನು ನಾವು ಇಂಜಿನಿಯರಮ್ಮ ಅನ್ನುತ್ತೀವಿ. ಗಾಜಿನ ಆಚೆ ಸ್ವೆಟರ್ ಹಾಕಿಕೊಂಡು ಕೂತಿರುತ್ತಾರೆ. ಮ್ಯಾನೇಜರು ಹಿಂದಿನ ಸೋಫಾದಲ್ಲಿ. ಹಾಡು ಅದೇ "ಲಿಫ್ಟ್ ಕೆಟ್ಟಿದೆ". ಸಾಲು, ತಾಳ ತಪ್ಪದಿರಲಿ ಅಂತ ನನ್ನ ಹೆಡ್‌ಫೋನಿನಲ್ಲಿ ಡೆಮೊದ ಹಳೆಯ ದನಿಯನ್ನು ನಮ್ಮ ಹೊಸ ಶ್ರುತಿಗೆ ಇಳಿಸಿ ಸಣ್ಣಗೆ ಬಿಟ್ಟಿದ್ದರು. ಎಲ್ಲ ಸ್ಟುಡಿಯೋಗಳಲ್ಲೂ ಹಾಗೆ ಮಾಡುವುದುಂಟು.

ಮೊದಲ ಸಲ ದನಿ ಒಡೆಯಿತು. ಎರಡನೇ ಸಲ ಇನ್ನೂ ಹೆಚ್ಚು ಒಡೆಯಿತು. ಆಮೇಲಿನವು ಲೆಕ್ಕಕ್ಕಿಲ್ಲ. ಕಿವಿಯಲ್ಲಿ ಅವಳು ಸಲೀಸಾಗಿ ಹತ್ತಿಕೊಂಡು ಹೋಗುತ್ತಿದ್ದಳು, ನಾನು ಇಳಿಯುವುದನ್ನು ಮರೆತು ಏದುಸಿರು ಬಿಡುತ್ತಾ ಅವಳ ಹಿಂದೆ. ಗಾಜಿನಾಚೆ ಮ್ಯಾನೇಜರು ಫೋನ್ ತೆಗೆದು ನೋಡತೊಡಗಿದರು. ಅದು ಕಂಡಿತು ನನಗೆ. ಪಿತ್ತ ನೆತ್ತಿಗೇರಿತು, ಯಾರ ಮೇಲೆ ಅಂತ ಗೊತ್ತಾಗಲಿಲ್ಲ, ಆಮೇಲೆ ಗೊತ್ತಾಯಿತು. ಮೈಕಿನಲ್ಲಿ ಹೇಳಿದೆ, "ಅವಳನ್ನ ನಿಲ್ಸಿ."

"ಯಾರನ್ನ?" ಅಂದರು ಇಂಜಿನಿಯರಮ್ಮ.

"ಕಿವೀಲಿ ಹಾಡ್ತಿದ್ದಾಳಲ್ಲ, ಅವಳನ್ನ. ಡ್ರಮ್ಮೂ ಗಿಟಾರೂ ಸಾಕು ನನಗೆ."

ಇಂಜಿನಿಯರಮ್ಮ ಒಂದು ಗುಂಡಿ ಕೆಳಗೆಳೆದರು. ಒಳಗೆ ಬಂದು ಮೈಕನ್ನು ನನ್ನ ತುಟಿಗೆ ತಾಕುವಷ್ಟು ಹತ್ತಿರ ತಂದರು. "ಕೂಗಬೇಡ. ಪಕ್ಕದಲ್ಲಿ ಕೂತಿರೋರಿಗೆ ಹೇಳೋ ಹಾಗೆ ಹೇಳು," ಅಂದು ಹೋದರು.

ಹೇಳಿದೆ ಅಮ್ಮ. ಪಲ್ಲವಿ ಬಂದಾಗ ಮೆಟ್ಟಿಲಿಳಿದೆ. ಒಂದು ಕಡೆ ಉಸಿರು ಸಿಕ್ಕಿಕೊಂಡಿತು, ಬಿಟ್ಟೆ, ಹಾಗೇ ಮುಂದೆ ಹೋದೆ. ಮುಗಿದಾಗ ಗುಂಡ ಕೋಲುಗಳನ್ನು ಎತ್ತಿ ಹಿಡಿದೇ ಕೂತಿದ್ದ, ಇಳಿಸಿದರೆ ಎಲ್ಲಿ ಸದ್ದಾಗುತ್ತದೋ ಅಂತ.

ಮ್ಯಾನೇಜರು ಒಳಗೆ ಬಂದರು. "ಚೆನ್ನಾಗಿದೆ," ಅಂದರು. "ಆದ್ರೆ ಇದು ಬೇರೆ ಬ್ಯಾಂಡು. ನಾನು ಒಪ್ಕೊಂಡಿದ್ದು ಆ ಬ್ಯಾಂಡನ್ನ. ನಮ್ಮೋರು ಇದನ್ನ ತರಲ್ಲ." ನಮ್ಮ ಮೂವರ ಕೈ ಕುಲುಕಿ, ಡೆಮೊ ನಿಮ್ಮದೇ, ಮನಸ್ಸು ಬದಲಾದರೆ ಫೋನ್ ಮಾಡಿ ಅಂತ ಹೇಳಿ ಮೆಟ್ಟಿಲು ಹತ್ತಿ ಹೊರಟುಹೋದರು. ಸಿನಿಮಾದಲ್ಲಾಗಿದ್ದರೆ ಅರ್ಧ ದಾರಿಯಿಂದ ತಿರುಗಿ ಬರುತ್ತಿದ್ದರು. ಇವರು ಬರಲಿಲ್ಲ.

ನಾವು ವೈರು ಸುತ್ತಿಡುತ್ತಿದ್ದೆವು. ಇಂಜಿನಿಯರಮ್ಮ ಸ್ವೆಟರಿನ ತೋಳು ಮೇಲೇರಿಸಿಕೊಂಡು, "ಉಳಿದ ಹಾಡು ಯಾವಾಗ?" ಅಂದರು. ಕಂಪನಿ ಇಲ್ಲವಲ್ಲ ಅಂದರೆ, "ಜಾಹೀರಾತು ರೆಕಾರ್ಡ್ ಮಾಡ್ಸೋರು ಬರೋದು ಮಧ್ಯಾಹ್ನದ ಮೇಲೆ. ಬೆಳಿಗ್ಗೆ ಈ ರೂಮು ನೊಣ ಹೊಡೀತಿರುತ್ತೆ. ಬನ್ನಿ," ಅಂದರು.

ಹಾಗೆ ಮುಗಿಯಿತು. ಕೆಲಸಕ್ಕೆ ಹೋಗುವ ಮುಂಚೆ, ಒಮ್ಮೊಮ್ಮೆ ಈಜುಡುಪಿನ ಮೇಲೇ ಕೋಟು ಹಾಕಿಕೊಂಡು ಹೋಗಿ ಹಾಡಿದ್ದೀನಿ. ಗಂಟಲು ನಡೆದ ದಿನ ಹಾಡು, ನಡೆಯದ ದಿನ ಬಾಸು. ಹಾಡುಗಳಲ್ಲಿ ಒಂದನ್ನು ಬಿಟ್ಟೇಬಿಟ್ಟೆವು. ಅದು ಹಳೆಯ ದನಿಗಷ್ಟೇ ಒಪ್ಪುವ ಹಾಡು, ಅದನ್ನು ಹಿಂಸಿಸಿ ಸುಖವಿಲ್ಲ. ಚಿಕ್ಕದೊಂದು ರೆಕಾರ್ಡ್ ಅಂಗಡಿಯವರು ತಮ್ಮದೇ ಹೆಸರಿನಲ್ಲಿ ಹೊರತರುತ್ತಿದ್ದಾರೆ. ಯಾವ ಗೋಡೆಯ ಮೇಲೂ ನೇತುಬೀಳುವ ಆಸೆ ನನಗಿಲ್ಲ, ಅಥವಾ ಸ್ವಲ್ಪ ಇದೆ, ಸುಳ್ಳು ಯಾಕೆ. ಗುಂಡನಂತೂ ಕಪಾಟಿನಲ್ಲಿ ಜಾಗ ಮಾಡಿ ಕಾಯುತ್ತಿದ್ದಾನೆ. ಎರಡನೇ ಆಲ್ಬಮ್ ಮಾಡಿದರೆ ಅದನ್ನು ಎಲ್ಲಿಡುತ್ತೀಯ ಅಂತ ಕೇಳಿದೆ. "ಹೆಂಡ್ತೀನ ಕೇಳ್ಬೇಕು," ಅಂದ. ನಾವು ಮಾಡುತ್ತೀವಿ ಅಮ್ಮ, ಎರಡನೆಯದನ್ನೂ. ಈ ದನಿ ಎಲ್ಲಿಗೆಲ್ಲ ಹೋಗಬಲ್ಲದು ಅಂತ ನಾನಿನ್ನೂ ಪೂರ್ತಿ ನೋಡಿಲ್ಲ.

ಕೊಳಕ್ಕೆ ನೀರು ಬಿಟ್ಟರು, ತಳ ನೀಲಿಯಾಗುತ್ತಿದೆ. ಮಕ್ಕಳು ನಾಳೆ ಬರುತ್ತಾರೆ. ಅವಳಿಗಳ ನೆತ್ತಿ ಮೇಲೆ ನನ್ನ ಪರವಾಗಿ ಕೈಯಿಟ್ಟು ಹರಸು, ಅವರು ಮನೆ ಹಾರಿಹೋಗುವ ಹಾಗೆ ಕಿರುಚಲಿ. ಅಕ್ಕನಿಗೆ ನಿದ್ದೆ ಸಿಗಲಿ. ನಿನ್ನ ಮಂಡಿ ನೋವು ಕಡಿಮೆಯಾಗಲಿ. ನನಗೂ ಒಂದು ಮಾತು ಒಳ್ಳೆಯದಾಗಲಿ ಅನ್ನು.

ನಿನ್ನ
ಸಣ್ಣ ಮಗಳು

ತಾ.ಕ.: ಇದನ್ನು ಬರೆಯದೆ ಲಕೋಟೆ ಅಂಟಿಸಲು ಹೊರಟಿದ್ದೆ. ಸ್ಟುಡಿಯೋಗೆ ಹೋಗುವ ಹಿಂದಿನ ದಿನ ನಿನಗೊಂದು ಫೋನ್ ಬಂದಿತ್ತು, ಗೊತ್ತಿಲ್ಲದ ನಂಬರಿನಿಂದ. ಅದು ಈಜುಕೊಳದ ಆಫೀಸಿನ ಫೋನು. ಅಷ್ಟು ದಿನ ನಿನಗೆ ಬರೀ ಮೆಸೇಜು ಹಾಕುತ್ತಿದ್ದವಳು, ಹಾಡುವ ಮುಂಚೆ ನಿನ್ನ ಹತ್ತಿರ ಒಂದು ಮಾತಾಡಬೇಕು ಅನ್ನಿಸಿ ಮಾಡಿದ್ದೆ. "ಅಮ್ಮಾ" ಅಂದೆ. ನೀನು "ಯಾರು ಬೇಕಿತ್ತು?" ಅಂದೆ. "ಅಮ್ಮಾ, ನಾನು" ಅಂದೆ. ಆಸ್ಪತ್ರೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು, ಬರೀ "ಹಲೋ" ಕೇಳಿ ಯಾವ ವಾರ್ಡಿನ ಯಾರು ಅಂತ ಹೇಳುತ್ತಿದ್ದವಳು ನೀನು. ಎಷ್ಟು ಅಕ್ಕರೆಯಿಂದ ಹೇಳಿದೆ ಗೊತ್ತಾ, "ಇಲ್ಲಮ್ಮ, ತಪ್ಪು ನಂಬರ್ ಇರಬೇಕು, ನಿಮ್ಮ ಅಮ್ಮನ ನಂಬರ್ ಇನ್ನೊಂದು ಸಲ ನೋಡಿ ಮಾಡಿ" ಅಂತ. ನಾನು ಇಟ್ಟುಬಿಟ್ಟೆ.

ನಿನ್ನ ಮೇಲೆ ಕೋಪವಿಲ್ಲ. ಆದರೆ ಇನ್ನು ಮೆಸೇಜು ಹಾಕಿಕೊಂಡು ಕೂರುವುದಿಲ್ಲ. ಈ ಶನಿವಾರದ ಬಸ್ಸಿಗೆ ಹೊರಟು ಬರುತ್ತಿದ್ದೀನಿ. ಅಡುಗೆಮನೆಯಲ್ಲಿ ನಿನ್ನ ಹಿಂದೆ ನಿಂತು ಮಾತಾಡುತ್ತೀನಿ, ಅವಳಿಗಳನ್ನು ತೂಗುತ್ತಾ ಮಾತಾಡುತ್ತೀನಿ, ಸಾಕು ಮಾರಾಯ್ತಿ ಅನ್ನುವವರೆಗೂ ಮಾತಾಡುತ್ತೀನಿ. ನೀನು ಈ ದನಿಯನ್ನು ಕಲಿತುಕೊಳ್ಳಬೇಕು ಅಮ್ಮಾ. ನಾನೂ ಕಲಿತೇ ಇದು ನನ್ನದಾಯಿತು.