‘ಪ’ಕಾರದ ಹೊಟ್ಟೆ

ಕರಡು ತಿದ್ದುವವರಲ್ಲಿ ಸಾರ್ವಭೌಮರಾದ ನಮ್ಮ ಪ್ರೆಸ್ಸಿನ ಗುರುಗಳಿಗೆ, ಪುಟ ಜೋಡಿಸುವ ತುಂಟನ ಸಲಾಮು.

ನಿಮ್ಮ ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತು ಬರೆಯುತ್ತಿದ್ದೇನೆ. ಹತ್ತಕ್ಕೆ ನಿಮ್ಮ ಹೊಟ್ಟೆಯ ಆಪರೇಷನ್, ಈಗ ಒಂಬತ್ತು ಇಪ್ಪತ್ತು. ಆದ್ದರಿಂದ ಪೀಠಿಕೆಯನ್ನು ಕೈಬಿಡಲಾಗಿದೆ.

ಎರಡು ವರ್ಷದಿಂದ ದಿನಾ ಊಟದ ಹೊತ್ತಿನಲ್ಲಿ, ನೀವಿಲ್ಲದಾಗ, ನಿಮ್ಮ ತೊದಲನ್ನು ಅಣಕಿಸಿ ಎಲ್ಲರನ್ನೂ ನಗಿಸಿದ್ದೇನೆ. “ಮ-ಮ-ಮಹಾಪ್ರಾಣ ಎಲ್ಲೋ, ಕ-ಕ-ಕತ್ತೆ?” ನಿಮಗಿದು ಗೊತ್ತೇ ಇಲ್ಲ.

ದೇವರನ್ನು ನಂಬದ ನೀವು ಹೇಳಿಕೊಟ್ಟ ನೀತಿ ಸರಳ: “ಯಾರಿಗೂ ನೋವಾಗ್ದಿದ್ರೆ ಅದು ತಪ್ಪೇ ಅಲ್ಲ ಕಣೋ.” ಆ ಪ್ರಕಾರ ಬಾಯಿ ಮುಚ್ಚಿಕೊಂಡಿದ್ದರೆ ನಾನು ನಿರ್ದೋಷಿ. ನಿನ್ನೆ ಇದನ್ನೇ ನಮ್ಮಜ್ಜಿಯ ಮುಂದೆ ಒಪ್ಪಿಸಿದೆ. ಅಜ್ಜಿ ತಸ್ಬಿಯ ಮಣಿ ಎಣಿಸುವುದನ್ನು ನಿಲ್ಲಿಸಿದರು.

“ಬೆನ್ನ ಹಿಂದೆ ಆಡ್ಕೊಂಡಿದ್ದು ಅವರಿಗೆ ಗೊತ್ತಾಗದಿದ್ರೂ ಪಾಪಾನೇ, ಬೇಟಾ. ನಮಾಜು ತಪ್ಪಿಸಿದ್ರೆ ಅಲ್ಲಾಹ್ ಹತ್ರ ಕೇಳ್ಕೊ. ಮನುಷ್ಯನಿಗೆ ಮಾಡಿದ್ದನ್ನ ಆ ಮನುಷ್ಯನೇ ಮಾಪು ಮಾಡ್ಬೇಕು. ನಾಳೆ ಅವರೇ ಇಲ್ಲದಿದ್ರೆ ಯಾರನ್ನ ಕೇಳ್ತೀಯ?”

ಆಗಿನಿಂದ ನನಗೆ ನಗು ಬಂದಿಲ್ಲ. ಹೇಳಿದರೆ ನಿಮಗೆ ನೋವು. ನಿಮ್ಮ ನೀತಿಯಂತೆ ಈ ಪತ್ರವೇ ನನ್ನ ಮೊದಲ ತಪ್ಪು.

ನರ್ಸಕ್ಕನ ಕೈಯಲ್ಲಿ ನಿಮ್ಮ ಕೆಂಪು ಪೆನ್ನನ್ನೂ ಕಳಿಸಿದ್ದೇನೆ. ಮೇಲೆ ಅಜ್ಜಿಯ ಮಾತಿನಲ್ಲಿ ‘ಮಾಪು’ ಎಂದು ಬರೆದಿರುವುದು ನಿಮ್ಮ ಕಣ್ಣಿಗೆ ಆಗಲೇ ಚುಚ್ಚಿರುತ್ತದೆ. ಕ್ಷಮಿಸುವ ಮನಸ್ಸಾದರೆ, ಡಾಕ್ಟರು ನಿಮ್ಮ ಹೊಟ್ಟೆ ಸೀಳುವ ಮೊದಲು ನೀವು ಆ ‘ಪ’ಕಾರದ ಹೊಟ್ಟೆ ಸೀಳಿ, ‘ಫ’ ಮಾಡಿ ಕಳಿಸಿ. ಮನಸ್ಸಾಗದಿದ್ದರೆ ಎದ್ದು ಬಂದು ಬೈಯಿರಿ. ಎದ್ದು ಬರುವುದು ಮಾತ್ರ ಎರಡಕ್ಕೂ ಕಡ್ಡಾಯ.

ಬೆಂಚಿನಲ್ಲಿ ಕಾಯುತ್ತಿರುವ,
ನಿಮ್ಮ ಅಲ್ಪಪ್ರಾಣ